ಎರೆನಾಡಿನ ರಸ್ತೆಗೆ ಒಂದು ಲೀಟರ್ ಟರ್ಬೊ ಸೆಡಾನ್ ಹೊಂದುತ್ತದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ನಿವಾಸಿ, ಧಾರವಾಡದ ಕಾಲೇಜೊಂದರಲ್ಲಿ ಅಧ್ಯಾಪಕ. ದಿನವೂ ಹೋಗಿ ಬರುತ್ತೇನೆ. ವಾರಕ್ಕೊಮ್ಮೆ ರೋಣ ತಾಲ್ಲೂಕಿನ ನಮ್ಮ ಹಳ್ಳಿಗೆ, ವರ್ಷಕ್ಕೆ ಎರಡು-ಮೂರು ಬಾರಿ ಅಂಕೋಲಾ ಕಡೆಗೆ ಪ್ರಯಾಣವಿರುತ್ತದೆ. ಹನ್ನೆರಡು ವರ್ಷದ ಹಳೆಯ 1.2 ಲೀಟರ್ ಹ್ಯಾಚ್‌ಬ್ಯಾಕ್ ಕೊಟ್ಟು, ಒಂದು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸೆಡಾನ್ ಕೊಳ್ಳುವ ಮನಸ್ಸಿದೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ ಐದು ಮಂದಿಯನ್ನು ಎಳೆಯುತ್ತದೆಯೇ? ಟರ್ಬೊ ಬಾಳಿಕೆ ಬರುತ್ತದೆಯೇ? ಗೇರು ಯಾವುದಿರಬೇಕು? ಕಾರು ತಗ್ಗಾಗಿದೆ ಎಂದು ಮನೆಯವರೆಲ್ಲ ಎಸ್‌ಯುವಿ ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ತಂದೆಯವರಿಗೆ 74 ವರ್ಷ, ಮೊಣಕಾಲು ನೋವಿದೆ.

ಉತ್ತರ: ನಿಮ್ಮ ಮೊದಲ ಅನುಮಾನದಿಂದಲೇ ಆರಂಭಿಸುತ್ತೇನೆ. ಗೋಕುಲ ರಸ್ತೆಯ ನಮ್ಮ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದೂ ಅದನ್ನೇ: "ಸಾವಿರ ಸಿಸಿ ಎಂಜಿನ್ನಿಗೆ ಹದಿನೈದು ಲಕ್ಷ ಯಾಕ್ರೀ ಕೊಡಬೇಕು?" ಸಿಸಿ ಹೆಚ್ಚಿದ್ದರೆ ಬಲ ಹೆಚ್ಚು ಎಂಬ ಲೆಕ್ಕ ಹಳೆಯ ಎಂಜಿನ್‌ಗಳ ಕಾಲದಲ್ಲಿ ಸರಿಯಾಗಿಯೇ ಇತ್ತು. ಟರ್ಬೊ ಬಂದಲ್ಲಿ ಆ ಲೆಕ್ಕ ತಪ್ಪುತ್ತದೆ.

ಎಂಜಿನ್ ಉರಿಸುವುದು ಬರಿಯ ಪೆಟ್ರೋಲನ್ನಲ್ಲ, ಗಾಳಿ ಬೆರೆತ ಪೆಟ್ರೋಲನ್ನು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದ್ದರಿಂದ ಎಂಜಿನ್ನಿನ ಬಲವನ್ನು ತೀರ್ಮಾನಿಸುವುದು ಅದರ ಹೊಟ್ಟೆಯ ಗಾತ್ರವಲ್ಲ, ಒಂದೊಂದು ಸುತ್ತಿನಲ್ಲಿ ಅದು ಒಳಗೆಳೆದುಕೊಳ್ಳುವ ಗಾಳಿಯ ತೂಕ. ಸಾಮಾನ್ಯ ಎಂಜಿನ್ ಹೊರಗಿನ ಗಾಳಿಯ ಒತ್ತಡ ಎಷ್ಟಿದೆಯೋ ಅಷ್ಟನ್ನೇ ಎಳೆದುಕೊಳ್ಳಬಲ್ಲದು. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಅಂಕೋಲಾದ ದಂಡೆಯಲ್ಲಿ ಇರುವುದಕ್ಕಿಂತ ಶೇಕಡಾ 8ರಷ್ಟು ಕಡಿಮೆ. ನಿಮ್ಮ ಹಳೆಯ ಕಾರು ಘಟ್ಟ ಇಳಿದ ಮೇಲೆ ತುಸು ಚುರುಕಾದಂತೆ ಅನಿಸಿದ್ದರೆ ಅದು ಭ್ರಮೆಯಲ್ಲ. ಟರ್ಬೊ ಎಂಜಿನ್ ಮಾತ್ರ ಹೊರಗಿನ ಒತ್ತಡವನ್ನು ನೆಚ್ಚಿ ಕೂರುವುದಿಲ್ಲ. ಸೈಲೆನ್ಸರಿನಿಂದ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ತತ್ವ ಅಷ್ಟು ಹಳೆಯದು. ಅದನ್ನು ದಿನನಿತ್ಯದ ಪೆಟ್ರೋಲ್ ಕಾರಿಗೆ ಒಗ್ಗಿಸಿದ ಲೋಹ, ಆಯಿಲ್ ಮತ್ತು ಎಲೆಕ್ಟ್ರಾನಿಕ್ಸ್ ಹೊಸವು.

ಈಗ ಅಂಕಿಗಳನ್ನು ನೋಡಿ. ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ ಎರಡರಲ್ಲೂ ಇರುವ 999 ಸಿಸಿ ಎಂಜಿನ್ 115 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಶಕ್ತಿ ಮತ್ತು 178 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟರ್ಬೊ ಇಲ್ಲದ ಹೋಂಡಾ ಸಿಟಿಯ 1.5 ಲೀಟರ್ ಎಂಜಿನ್ 121 ಪಿಎಸ್, 145 ನ್ಯೂಟನ್ ಮೀಟರ್ ಕೊಡುತ್ತದೆ. ಶಕ್ತಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ನೀವು ಗಮನಿಸಬೇಕಾದದ್ದು ಟಾರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನು. ಸಿಟಿಯಲ್ಲಿ ಅದು ಪೂರ್ತಿ ಸಿಗುವುದು ನಿಮಿಷಕ್ಕೆ 4,300 ಸುತ್ತಿನಲ್ಲಿ. ಟರ್ಬೊ ಎಂಜಿನ್ನಿನಲ್ಲಿ ಸುಮಾರು 1,750ರಿಂದಲೇ ಪೂರ್ತಿ ಸಿಕ್ಕು 4,500ರವರೆಗೆ ಹಾಗೆಯೇ ನಿಲ್ಲುತ್ತದೆ. ಟಾರ್ಕ್ ಎಂದರೆ ತಿರುಚುವ ಬಲ. ಬಿಗಿಯಾದ ನಟ್ಟಿಗೆ ಪಾನಾ ಹಾಕಿ ಒತ್ತುವಾಗ ಕೈಗೆ ತಿಳಿಯುವುದು ಅದೇ. ನಾವು ದಿನವಿಡೀ ಕಾರು ಓಡಿಸುವುದು 1,500 ಮತ್ತು 3,000 ಸುತ್ತುಗಳ ನಡುವೆ. ಆ ಜಾಗದಲ್ಲೇ ಬಲ ಸಿಕ್ಕರೆ, ಐದು ಮಂದಿ ಕುಳಿತು ಡಿಕ್ಕಿಯಲ್ಲಿ ಜೋಳದ ಚೀಲವಿದ್ದರೂ ಕಾರು ದಣಿಯುವುದಿಲ್ಲ. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಪಿಎಸ್ ಅಂಕಿಗಿಂತ, ಟಾರ್ಕ್ ಎದುರಿಗೆ ಸಣ್ಣಕ್ಷರದಲ್ಲಿರುವ ಸುತ್ತಿನ ಅಂಕಿಯೇ ನನಗೆ ಮುಖ್ಯ. ಕಾರಿನ ಸ್ವಭಾವ ತಿಳಿಯುವುದು ಅದರಿಂದ.

ಇದರ ಬೆಲೆ ತಿಳಿಯುವುದು ಓವರ್‌ಟೇಕ್ ಮಾಡುವಾಗ. ಹುಬ್ಬಳ್ಳಿ-ಧಾರವಾಡದ ಹೊರಗೆ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಬಹುಕಾಲ ಎರಡೇ ಪಥಗಳಲ್ಲಿದ್ದುದನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನವಲಗುಂದ, ರೋಣದ ಕಡೆಯ ರಸ್ತೆಗಳಲ್ಲಿ ಈಗಲೂ ಅದೇ ಪರಿಸ್ಥಿತಿ. ಮುಂದೆ 60 ಕಿಲೋಮೀಟರ್ ವೇಗದಲ್ಲಿ ಹನ್ನೆರಡು ಮೀಟರ್ ಉದ್ದದ ಲಾರಿ ಹೋಗುತ್ತಿದೆ ಎಂದುಕೊಳ್ಳಿ. ಹಿಂದೆ ಇಪ್ಪತ್ತು, ಮುಂದೆ ಇಪ್ಪತ್ತು ಮೀಟರ್ ಅಂತರ ಇಟ್ಟು ದಾಟಲು ನಿಮ್ಮ ಕಾರು ಅದಕ್ಕಿಂತ ಸುಮಾರು 56 ಮೀಟರ್ ಹೆಚ್ಚು ಓಡಬೇಕು. ನೀವು 80ರಲ್ಲಿ ದಾಟಿದರೆ ಹತ್ತು ಸೆಕೆಂಡು ಬೇಕು. ಎದುರಿನಿಂದಲೂ 80ರಲ್ಲಿ ವಾಹನ ಬರುತ್ತಿದ್ದರೆ ಮುಂದೆ 450 ಮೀಟರ್ ರಸ್ತೆ ಖಾಲಿ ಇರಬೇಕು. ಅದನ್ನೇ 90ರಲ್ಲಿ ದಾಟಿದರೆ ಏಳು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ, ಬೇಕಾಗುವ ರಸ್ತೆ ಸುಮಾರು 320 ಮೀಟರಿಗೆ ಇಳಿಯುತ್ತದೆ. 60ರಿಂದ 90ಕ್ಕೆ ಬೇಗ ಏರುವ ಗುಣವೇ ಈ 130 ಮೀಟರನ್ನು ಉಳಿಸಿಕೊಡುವುದು. ಟರ್ಬೊ ಕಾರಿನ ಬಗ್ಗೆ ನನಗಿರುವ ಒಲವಿಗೆ ಮುಖ್ಯ ಕಾರಣ ಇದು. ಆದರೆ ಅಷ್ಟು ರಸ್ತೆ ಕಣ್ಣಿಗೆ ಕಾಣದಿದ್ದರೆ ಯಾವ ಎಂಜಿನ್ನೂ ನೆರವಿಗೆ ಬರುವುದಿಲ್ಲ. ಲಾರಿಯ ಹಿಂದೆಯೇ ಇರಬೇಕು.

ಇನ್ನು ಇದರ ಕೊರತೆ. ಹೊಗೆಯ ರಭಸ ಸಾಲದಿದ್ದಾಗ ಟರ್ಬೊ ಎಚ್ಚರಗೊಳ್ಳುವುದಿಲ್ಲ. 1,500ಕ್ಕಿಂತ ಕಡಿಮೆ ಸುತ್ತಿನಲ್ಲಿ ಇದು ನಿಜಕ್ಕೂ ಬರಿಯ ಸಾವಿರ ಸಿಸಿ ಎಂಜಿನ್. ನಿಮ್ಮ ಹಳೆಯ 1.2ಕ್ಕಿಂತಲೂ ಮಂದ. ಹಂಪ್ ದಾಟಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಒಂದೆರಡು ಕ್ಷಣ ಏನೂ ಆಗದೆ, ಆಮೇಲೆ ಒಮ್ಮೆಲೇ ಕಾರು ಮುನ್ನುಗ್ಗುತ್ತದೆ. ನಮ್ಮ ಕಡೆ ಬೇಗ ಟಾಪ್ ಗೇರ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ರೂಢಿ ಗಟ್ಟಿಯಾಗಿದೆ. ಹಳೆಯ ಕಾರಿನಲ್ಲಿ ಅದು ನಡೆಯುತ್ತಿತ್ತು. ನೇರ ಇಂಜೆಕ್ಷನ್ ಇರುವ, ಅಂದರೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮುಕಿಸುವ ಟರ್ಬೊ ಎಂಜಿನ್ನಿನಲ್ಲಿ, ಸುತ್ತು ಕಡಿಮೆ ಇದ್ದು ಕಾಲು ಪೂರ್ತಿ ಒತ್ತಿದಾಗ, ಸಿಲಿಂಡರಿನೊಳಗಿನ ಆಯಿಲ್ ಹನಿಯೋ ಮಸಿಯ ಕಣವೋ ಸ್ಪಾರ್ಕಿಗಿಂತ ಮೊದಲೇ ಮಿಶ್ರಣಕ್ಕೆ ಕಿಡಿ ಹಚ್ಚಬಹುದು. ಆಗ ಪಿಸ್ಟನ್ ಮೇಲೆ ಬೀಳುವ ಹೊಡೆತ ಸುತ್ತಿಗೆಯ ಪೆಟ್ಟಿನಂಥದು. ಪಿಸ್ಟನ್ನಿನ ಅಂಚೇ ಮುರಿಯುವುದುಂಟು. ಆದ್ದರಿಂದ ಒಂದು ಗೇರು ಕೆಳಗಿಳಿಸಲು ಹಿಂಜರಿಯಬೇಡಿ. ಭಾರ ಎಳೆಯುವಾಗ ಸುತ್ತು ತೋರಿಸುವ ಮೀಟರಿನ ಮುಳ್ಳು 1,800ರ ಮೇಲಿರಲಿ. ಒಂದು ವಾರದಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ.

ಮೂರು ಸಿಲಿಂಡರಿನ ವಿಷಯ ಅಷ್ಟೇನೂ ದೊಡ್ಡದಲ್ಲ. ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ, 180 ಡಿಗ್ರಿಗೊಮ್ಮೆ ಉರಿ ಬೀಳುತ್ತದೆ, ಮೂರರಲ್ಲಿ 240 ಡಿಗ್ರಿಗೊಮ್ಮೆ. ನಿಂತ ಕಾರಿನಲ್ಲಿ ಸೀಟಿಗೆ ಸಣ್ಣ ನಡುಕ ತಿಳಿಯುತ್ತದೆ, ಓಡುವಾಗ ಮರೆಯಾಗುತ್ತದೆ. ಸಿಲಿಂಡರ್ ಕಡಿಮೆ ಇದ್ದಷ್ಟೂ ಘರ್ಷಣೆ ಕಡಿಮೆ ಎಂಬ ಲಾಭವೂ ಇದೆ.

ಬಾಳಿಕೆಯ ಪ್ರಶ್ನೆಗೆ ಉತ್ತರ ನಮ್ಮ ಗ್ಯಾರೇಜಿನ ಮೇಜಿನ ಮೇಲೆಯೇ ಇದೆ. ಕಳೆದ ಬೇಸಿಗೆಯಲ್ಲಿ ನವಲಗುಂದದ ಕಡೆಯಿಂದ ಬಂದ ಕಾರೊಂದರಿಂದ ಬಿಚ್ಚಿದ ಟರ್ಬೊ ಅದು. ಹೊಸ ಹುಡುಗರಿಗೆ ತೋರಿಸಲೆಂದು ಇಟ್ಟುಕೊಂಡಿದ್ದೇನೆ. ಒಳಗಿನ ಎರಡು ಚಕ್ರಗಳೂ ಲಿಂಬೆಹಣ್ಣಿನ ಗಾತ್ರದವು. ಪೂರ್ತಿ ವೇಗದಲ್ಲಿ ಇವು ನಿಮಿಷಕ್ಕೆ ಎರಡು ಲಕ್ಷದ ಆಸುಪಾಸು ಸುತ್ತು ತಿರುಗುತ್ತವೆ, ಹೊಗೆಯ ಕಡೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ದಂಡ ನಿಂತಿರುವುದು ಆಯಿಲಿನ ತೆಳುವಾದ ಪೊರೆಯ ಮೇಲೆ. ಈ ಟರ್ಬೊದ ಆಯಿಲ್ ತೂತಿಗೆ ಸೂಜಿ ಹಾಕಿದರೆ ಕರಕಲಾದ ಕಪ್ಪು ಪುಡಿ ಉದುರುತ್ತದೆ. ದಂಡ ಬಿಸಿಗೆ ನೀಲಿಗಟ್ಟಿದೆ. ಬೆರಳಿನಿಂದ ಅಲ್ಲಾಡಿಸಿದರೆ ಆಚೀಚೆ ಆಡುತ್ತದೆ. ಗಾಳಿಯ ಕಡೆಯ ಚಕ್ರದ ಅಲಗುಗಳ ಅಂಚು ಉಗುರಿಗೆ ಚುಚ್ಚಬೇಕಾಗಿತ್ತು, ಬಳಸಿದ ಸೋಪಿನಂತೆ ದುಂಡಗಾಗಿದೆ. 25,000 ಕಿಲೋಮೀಟರ್ ಆಯಿಲ್ ಬದಲಿಸಿರಲಿಲ್ಲ. ಏರ್ ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ಪು ಮುರಿದು, ಆ ಸಂದಿನಿಂದ ಎರೆ ಮಣ್ಣಿನ ಧೂಳು ನೇರವಾಗಿ ಒಳಹೋಗಿತ್ತು. ಟರ್ಬೊ ತಾನಾಗಿ ಕೆಟ್ಟಿರಲಿಲ್ಲ; ಹೊಲಸು ಆಯಿಲ್ ಮತ್ತು ಧೂಳು ಅದನ್ನು ಕೊಂದಿದ್ದವು.

ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಬರೆದ ದರ್ಜೆಯ ಸಿಂಥೆಟಿಕ್ ಆಯಿಲನ್ನೇ ಹಾಕಿಸಿ, "ಎಲ್ಲಾ ಒಂದ ಐತ್ರೀ" ಎನ್ನುವವರ ಮಾತಿಗೆ ಒಪ್ಪಬೇಡಿ. ಧೂಳಿನ ಪ್ರದೇಶದಲ್ಲಿ ಓಡುವ ಕಾರಿಗೆ ಅವಧಿ ಕಡಿಮೆ ಮಾಡಬೇಕೆಂದು ಕೈಪಿಡಿಗಳೇ ಹೇಳುತ್ತವೆ. ರೋಣದ ಓಡಾಟವಿರುವ ನಿಮಗೆ 7,500 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಬದಲಿಸುವಂತೆ ಹೇಳುತ್ತೇನೆ. ನಾಲ್ಕು ಲೀಟರ್ ಆಯಿಲಿನ ಖರ್ಚು ಹೊಸ ಟರ್ಬೊದ ಖರ್ಚಿನ ಮುಂದೆ ಏನೂ ಅಲ್ಲ. ಏರ್ ಫಿಲ್ಟರನ್ನು 5,000 ಕಿಲೋಮೀಟರಿಗೊಮ್ಮೆ ತೆಗೆದು ನೋಡಿಸಿ, ಡಬ್ಬಿಯ ಕ್ಲಿಪ್ಪುಗಳೆಲ್ಲ ಕೂತಿವೆಯೇ ಎಂದು ನೀವೇ ಕೈಯಿಂದ ಮುಟ್ಟಿ ನೋಡಿ. ಕಾರು ನಿಲ್ಲಿಸುವ ಮುನ್ನ ಒಂದು ನಿಮಿಷ ಎಂಜಿನ್ ಚಾಲೂ ಇಡಬೇಕೆಂಬ ಹಳೆಯ ನಿಯಮ ಈಗ ಅಷ್ಟು ಕಟ್ಟುನಿಟ್ಟಿನದಲ್ಲ. ಇಂದಿನ ಅನೇಕ ಎಂಜಿನ್‌ಗಳಲ್ಲಿ ಟರ್ಬೊದ ಸುತ್ತ ಕೂಲಂಟ್ (ತಂಪು ಮಾಡುವ ದ್ರವ) ಹರಿಯುತ್ತದೆ, ಕೆಲವುಗಳಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ಸ್ವಲ್ಪ ಹೊತ್ತು ಓಡುತ್ತದೆ. ಆದರೂ ಅಂಕೋಲಾ ದಾರಿಯ ಅರಬೈಲು ಘಟ್ಟವನ್ನು ಪೂರ್ತಿ ಹೊರೆಯೊಂದಿಗೆ ಹತ್ತಿ ಬಂದು ತಕ್ಷಣ ಚಹಾದಂಗಡಿಯ ಮುಂದೆ ಕೀಲಿ ತಿರುಗಿಸುವುದು ಒಳ್ಳೆಯದಲ್ಲ. ಕೊನೆಯ ಒಂದು ಕಿಲೋಮೀಟರ್ ನಿಧಾನವಾಗಿ ಬನ್ನಿ, ಸಾಕು. ಅದೇ ಘಟ್ಟ ಇಳಿಯುವಾಗ ಇನ್ನೊಂದು ಎಚ್ಚರ: ಸಣ್ಣ ಎಂಜಿನ್ನಿಗೆ ಕಾರನ್ನು ಹಿಡಿದು ನಿಲ್ಲಿಸುವ ಬಲ ಕಡಿಮೆ. ಹತ್ತುವಾಗಿನ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕ್ ಬಿಸಿಯಾಗುವುದಿಲ್ಲ.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಸಾರಿಗೆ ಬಸ್ಸಿಗೆ ಅದರದೇ ದಾರಿ ಇದೆ. ಉಳಿದ ನಾವೆಲ್ಲ ಪಕ್ಕದ ಪಥಗಳಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ನಿಂತು ಹೋಗಬೇಕು. ಈ ವರ್ಗದ ಹೆಚ್ಚು ಶಕ್ತಿಯ ಕಾರುಗಳಲ್ಲಿ, ಅಂದರೆ 150 ಪಿಎಸ್‌ನ 1.5 ಲೀಟರ್ ವರ್ಟಸ್, ಸ್ಲಾವಿಯಾ ಮತ್ತು 160 ಪಿಎಸ್‌ನ ಹ್ಯುಂಡೈ ವರ್ನಾಗಳಲ್ಲಿ, ಏಳು ಗೇರಿನ ಜೋಡಿ ಕ್ಲಚ್ಚಿನ ಪೆಟ್ಟಿಗೆ ಬರುತ್ತದೆ. ಗೇರು ಬದಲಾಗುವುದು ಗೊತ್ತೇ ಆಗದಷ್ಟು ನಯ. ಆದರೆ ಇದರ ಕ್ಲಚ್ಚುಗಳು ಒಣ ಕ್ಲಚ್ಚುಗಳು, ಅಂದರೆ ಆಯಿಲಿನಲ್ಲಿ ಮುಳುಗಿರದವು. ಇಂಚಿಂಚಾಗಿ ತೆವಳುವಾಗ, ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸುವಾಗ, ಅವು ಜಾರುತ್ತ ಕಾಯುತ್ತವೆ, ಸವೆಯುತ್ತವೆ. ಒಂದು ಲೀಟರ್ ಎಂಜಿನ್ನಿಗೆ ಸಿಗುವ ಆರು ಗೇರಿನ ಆಟೊಮ್ಯಾಟಿಕ್ ಬೇರೆ ಜಾತಿಯದು. ಅದರಲ್ಲಿ ಬಲವನ್ನು ದಾಟಿಸುವುದು ಟಾರ್ಕ್ ಕನ್ವರ್ಟರಿನೊಳಗಿನ ಆಯಿಲ್. ತುಸು ಸೋಮಾರಿ ಅನ್ನಿಸಿದರೂ ತೆವಳುವ ಸಂಚಾರಕ್ಕೆ ಅದರಷ್ಟು ಸಹನೆ ಇನ್ನೊಂದಕ್ಕಿಲ್ಲ, ಮತ್ತು ಕಡಿಮೆ ಸುತ್ತಿನ ಮಂದತನವನ್ನೂ ಅದು ಬಹುಮಟ್ಟಿಗೆ ಮರೆಸುತ್ತದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವ ನಿಮಗೆ ನಾನು ಹೇಳುವುದು ಅದನ್ನೇ. ಹಣ ಉಳಿಸಬೇಕೆಂದಿದ್ದರೆ ಮ್ಯಾನುಯಲ್. ಮೇಲೆ ಹೇಳಿದಂತೆ ಗೇರು ಇಳಿಸುವ ರೂಢಿ ಮಾಡಿಕೊಳ್ಳಬೇಕು, ಅಷ್ಟೇ.

ಮೈಲೇಜು ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ಉತ್ತರ ಅರೆಯಾಗುತ್ತದೆ. ಟರ್ಬೊ ಕಾರಿನ ಪೆಟ್ರೋಲ್ ಖರ್ಚು ಪೂರ್ತಿ ಬಲಗಾಲಿನ ಮೇಲಿದೆ. ನಮ್ಮಲ್ಲಿಗೆ ಬರುವವರು ಹೇಳುವಂತೆ ಊರೊಳಗೆ 11ರಿಂದ 13, ಹೆದ್ದಾರಿಯಲ್ಲಿ 80-90ರ ವೇಗಕ್ಕೆ 17ರಿಂದ 19 ಸಿಗುತ್ತದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನಿಂದಲೂ ಕೊಂಚ ಇಳಿಯುತ್ತದೆ. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಆದ್ದರಿಂದ ಲೆಕ್ಕದ ಪ್ರಕಾರ ವ್ಯತ್ಯಾಸ ಶೇಕಡಾ 6-7.

ಈಗ ನಿಮ್ಮ ಮನೆಯವರ ಆಕ್ಷೇಪಕ್ಕೆ ಬರೋಣ. ವರ್ಟಸ್, ಸ್ಲಾವಿಯಾಗಳ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ) 179 ಮಿಲಿಮೀಟರ್ ಎಂದು ಕಂಪನಿ ಹೇಳುವುದು ಖಾಲಿ ಕಾರಿಗೆ. ಐದು ಮಂದಿ ಕುಳಿತು ಡಿಕ್ಕಿ ತುಂಬಿದರೆ ಅದರಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಇಳಿಯುವುದು ಸಹಜ. ಭಾರತೀಯ ರೋಡ್ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗೆ ಕಟ್ಟಿದ ಹಂಪಿನ ಮೇಲೆ ಯಾವ ಸೆಡಾನೂ ತಾಗುವುದಿಲ್ಲ. ಹಳ್ಳಿಯ ಮುಂದೆ ಜನರೇ ಹಾಕಿಕೊಂಡ, ಎರಡಡಿ ಅಗಲದ ಗೋಡೆಯಂಥ ಹಂಪ್‌ಗಳಿವೆಯಲ್ಲ, ತೊಂದರೆ ಅಲ್ಲಿ. ಮುಂದಿನ ಗಾಲಿ ಇಳಿದು ಹಿಂದಿನದು ಹತ್ತುವ ಮೊದಲು 2.65 ಮೀಟರ್ ಉದ್ದದ ಹೊಟ್ಟೆ ಅದರ ಮೇಲೆ ಹಾದು ಹೋಗಬೇಕು. ಎದುರು ವಾಹನ ಇಲ್ಲದಾಗ ತುಸು ಓರೆಯಾಗಿ ಹತ್ತಿಸಿದರೆ ಗಾಲಿಗಳು ಒಂದೊಂದಾಗಿ ಏರಿ ಇಳಿಯುವುದರಿಂದ ಹೊಟ್ಟೆ ಉಳಿಯುತ್ತದೆ. ನಿಮ್ಮ ಹಳ್ಳಿಯ ದಾರಿಯಲ್ಲಿ ಅಂಥ ಹಂಪ್‌ಗಳೆಷ್ಟು, ಗಾಡಿ ಜಾಡಿನ ನಡುವಿನ ದಿಂಡು ಎಷ್ಟು ಎತ್ತರ ಎಂಬುದನ್ನು ಮುಂದಿನ ಸಲ ಹೋದಾಗ ಟೇಪ್ ಹಿಡಿದು ಅಳೆಯಿರಿ. 14 ಸೆಂಟಿಮೀಟರಿನ ಒಳಗಿದ್ದರೆ ಚಿಂತೆಯಿಲ್ಲ.

ಎರೆ ಮಣ್ಣಿನ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಅದು ಗಾಲಿಯ ರಿಮ್ಮಿನ ಒಳಮೈಗೆ ಅಂಟಿ ಒಣಗಿ ಇಟ್ಟಿಗೆಯಾಗುತ್ತದೆ. ಸೋಮವಾರ ಹೆದ್ದಾರಿಗೆ ಬಂದು 80 ದಾಟಿದ ಕೂಡಲೇ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ಓಡುವ ಮೊದಲು ರಿಮ್ಮಿನ ಹಿಂದೆ ಕೈಯಾಡಿಸಿ ಆ ಮಣ್ಣನ್ನು ಕೆರೆದು ತೆಗೆಯಿರಿ. ಎರಡನೆಯದು ಸುಗ್ಗಿಯ ಕಾಲದ್ದು. ರಸ್ತೆಯ ಮೇಲೆ ಹುರುಳಿ, ಜೋಳ ಹರವಿ ಒಕ್ಕಲು ಮಾಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ತಗ್ಗಾದ ಕಾರಿನ ಹೊಟ್ಟೆಗೆ ಆ ಒಣ ಬಳ್ಳಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಂಡ ಕಾರುಗಳನ್ನು ನಾನು ನೋಡಿದ್ದೇನೆ. ರಾಶಿ ಕಂಡರೆ ನಿಲ್ಲಿಸಿ, ಸರಿಸುವಂತೆ ಕೇಳಿಕೊಳ್ಳಿ. ಗತ್ಯಂತರವಿಲ್ಲದೆ ದಾಟಿದ್ದರೆ ನೂರು ಮೀಟರ್ ಮುಂದೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ಹಾಕಿ. ಆ ಸೊಪ್ಪಿನ ಮೇಲೆ ಮಾತ್ರ ಕಾರು ನಿಲ್ಲಿಸಲೇಬಾರದು.

ತಗ್ಗಾಗಿರುವುದರ ಲಾಭವನ್ನೂ ಹೇಳಬೇಕು. ಆಷಾಢದಲ್ಲಿ ಗದಗ ರಸ್ತೆಯ ಬಯಲಲ್ಲಿ ಬೀಸುವ ಅಡ್ಡಗಾಳಿ ನಿಮಗೆ ಗೊತ್ತಿದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಎತ್ತರದ ಕಾರಿನಲ್ಲಿ ಲಾರಿಯ ಮರೆಯಿಂದ ಹೊರಬಂದಾಗ ಸ್ಟೀರಿಂಗನ್ನು ಹಿಡಿದು ತಿದ್ದಬೇಕಾಗುತ್ತದೆ. ಸೆಡಾನ್ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ತಿರುವಿನಲ್ಲಿ ಒಳಗೆ ಕುಳಿತವರು ಓಲಾಡುವುದಿಲ್ಲ. ಮೈಯ ಗಾತ್ರ ಕಡಿಮೆಯಾದಷ್ಟೂ ಗಾಳಿಯ ತಡೆ ಕಡಿಮೆ, ಮತ್ತು ಆ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ವರ್ಟಸ್, ಸ್ಲಾವಿಯಾಗಳಲ್ಲಿರುವ 521 ಲೀಟರಿನ ಡಿಕ್ಕಿ ಇದೇ ಬೆಲೆಯ ಅನೇಕ ಎಸ್‌ಯುವಿಗಳಲ್ಲಿ ಇಲ್ಲ. ವರ್ಟಸ್, ಸ್ಲಾವಿಯಾ, ವರ್ನಾ ಮೂರೂ 2023ರಲ್ಲಿ ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತ ಎಂದು ನೋಡುವ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿವೆ.

ಕೊನೆಗೆ ನಿಮ್ಮ ತಂದೆಯವರು. ಟೆಸ್ಟ್ ಡ್ರೈವಿಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ. ಷೋರೂಮಿನ ನುಣುಪು ನೆಲದ ಮೇಲಲ್ಲ, ಹೊರಗೆ ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ಅವರು ನಿಜವಾಗಿ ಕೂರುವ ಸೀಟಿನಲ್ಲೇ ನಾಲ್ಕೈದು ಬಾರಿ ಕೂತು ಏಳಲಿ. ಸೆಡಾನಿನಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ. ಏಳುವಾಗ ಪೂರ್ತಿ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ಮುಂದಿನ ಸೀಟನ್ನು ಎತ್ತರಿಸುವ ಸೌಲಭ್ಯ ಆ ಸೀಟಿಗೆ ಇದೆಯೇ ನೋಡಿ, ಇದ್ದರೆ ಎತ್ತರಿಸಿ ಮತ್ತೊಮ್ಮೆ ಕೂರಿಸಿ. ಬಾಗಿಲ ಚೌಕಟ್ಟನ್ನು ಹಿಡಿಯದೆ ಅವರು ಏಳಬಲ್ಲರಾದರೆ ಸೆಡಾನ್ ತೆಗೆದುಕೊಳ್ಳಿ. ಮೂರನೇ ಬಾರಿಗೇ ಮುಖದಲ್ಲಿ ನೋವು ಕಂಡರೆ, ಇದೇ ಒಂದು ಲೀಟರ್ ಟರ್ಬೊ ಎಂಜಿನ್ ಎತ್ತರದ ಮೈಯ ಎಸ್‌ಯುವಿಗಳಾದ ಫೋಕ್ಸ್‌ವ್ಯಾಗನ್ ಟೈಗುನ್ ಮತ್ತು ಸ್ಕೋಡಾ ಕುಶಾಕ್‌ಗಳಲ್ಲೂ ಇದೆ. ಎಂಜಿನ್ ಬಗ್ಗೆ ಮೇಲೆ ಹೇಳಿದ್ದೆಲ್ಲ ಅವಕ್ಕೂ ಅನ್ವಯಿಸುತ್ತದೆ.